ಡಾಟ್ಸನ್ 240ಝಡ್: ಆ ಕಾಲದ ಬಿಡಿಭಾಗಗಳಿಂದಲೇ ಕಾರನ್ನು ಮತ್ತೆ ಕಟ್ಟುವ ಬಗೆ

ಡಾಟ್ಸನ್ 240ಝಡ್ ಎಂಬುದು ಜಪಾನಿನ ನಿಸ್ಸಾನ್ ಕಂಪನಿ 70ರ ದಶಕದ ಆರಂಭದಲ್ಲಿ ಮಾಡಿದ ಸ್ಪೋರ್ಟ್ಸ್ ಕಾರು. ಅದರ ಕೆಲಸಕ್ಕೆ ಕೈ ಹಾಕುವ ಮುನ್ನ ಒಂದು ಇಸವಿಯನ್ನು ಗೊತ್ತು ಮಾಡಿಕೊಳ್ಳಿ. 1970ರ ಕಾರನ್ನು 1972ರಲ್ಲಿ ಅದರ ಮಾಲೀಕ ಹೇಗೆ ಇಟ್ಟುಕೊಂಡಿರಬಹುದಿತ್ತೋ ಹಾಗೆ ಕಟ್ಟುತ್ತೀರಾ? ಅಥವಾ ಆಮೇಲೆ ಬಂದ 2.8 ಲೀಟರಿನ ಎಲ್28 ಎಂಜಿನ್ ಬ್ಲಾಕಿಗೆ ಡೀಸೆಲ್ ಎಂಜಿನ್ ಎಲ್‌ಡಿ28ರ 83 ಮಿ.ಮೀ. ಸ್ಟ್ರೋಕಿನ (ಪಿಸ್ಟನ್ ಓಡಾಟದ ಉದ್ದ) ಕ್ರ್ಯಾಂಕ್ ಸೇರಿಸಿ, ಬೋರನ್ನು (ಸಿಲಿಂಡರಿನ ಒಳವ್ಯಾಸ) 89 ಮಿ.ಮೀ.ಗೆ ಹಿಗ್ಗಿಸಿ 3.1 ಲೀಟರ್ ಮಾಡುತ್ತಿದ್ದ, ಅದಕ್ಕಿಂತ ಈಚಿನ ಜಪಾನಿ ಬೀದಿ ಕಾರನ್ನು ಕಟ್ಟುತ್ತೀರಾ? ಎರಡೂ ಸರಿಯೇ. ಎರಡನ್ನೂ ಬೆರೆಸಿದರೆ ಮಾತ್ರ ಕಾರು ಯಾವ ಕಾಲದ್ದೂ ಆಗದೆ ಉಳಿಯುತ್ತದೆ. ಇಲ್ಲಿ ಹೇಳುತ್ತಿರುವುದು ಮೊದಲನೆಯದರ ಬಗ್ಗೆ: ಮೂಲದ ಆರು ಸಿಲಿಂಡರಿನ 2393 ಸಿಸಿ ಎಲ್24 ಎಂಜಿನ್, 70ರ ದಶಕದ ಆರಂಭದಲ್ಲಿ ಸಿಗುತ್ತಿದ್ದ ಕಾರ್ಬೊರೇಟರ್, ಅದೇ ಕಾಲದ ನಮೂನೆಯ ಚಕ್ರ.

ಕಾರು ಯಾವ ಇಸವಿಯದು ಎಂಬುದನ್ನು ಅದರ ಮೈಯೇ ಹೇಳುತ್ತದೆ. ಹಿಂಬಾಗಿಲಿನ ಮೇಲೆ ಎರಡು ಗಾಳಿಕಿಂಡಿಗಳಿದ್ದು, ಪಕ್ಕದ ಹಿಂಗಂಬದ ಮೇಲೆ ‘240ಝಡ್’ ಎಂದು ಬರೆದ ಲಾಂಛನವಿದ್ದರೆ ಅದು ಮೊದಲ ಸರಣಿಯ ಕಾರು. 1971ರಲ್ಲಿ ಈ ಕಿಂಡಿಗಳು ಹಿಂಗಂಬಕ್ಕೆ ಹೋದವು, ಲಾಂಛನ ದುಂಡಗಿನ ‘ಝಡ್’ ಆಯಿತು. ಚಾಸಿಸ್ ಸಂಖ್ಯೆ ಎಚ್‌ಎಲ್‌ಎಸ್30 ಎಂದು ಶುರುವಾದರೆ ಎಡಗಡೆ ಸ್ಟೀರಿಂಗಿನ ರಫ್ತು ಕಾರು, ಎಚ್‌ಎಸ್30 ಆದರೆ ಬಲಗಡೆಯದು. ಡ್ಯಾಶ್‌ಬೋರ್ಡಿನ ಫಲಕ, ಎಂಜಿನ್ ಕೋಣೆಯ ಫಲಕ, ಫೈರ್‌ವಾಲ್ ಮೇಲೆ ಕೊರೆದ ಸಂಖ್ಯೆ, ಈ ಮೂರೂ ಹೊಂದುತ್ತವೆಯೇ ನೋಡದೆ ಮುಂಗಡ ಕೊಡಬೇಡಿ.

ತುಕ್ಕು ಎಲ್ಲಿ ಅಡಗಿರುತ್ತದೆ

ಹೊಳೆಯುವ ಬಣ್ಣ ನೋಡಿ ಕಾರು ಕೊಂಡವರು ಆಮೇಲೆ ದುಡ್ಡು ಸುರಿಯುವುದೆಲ್ಲ ತಗಡಿಗೆ. ಎಂಜಿನ್ ಕೆಟ್ಟ ಕಾರನ್ನು ಧೈರ್ಯವಾಗಿ ಕೊಳ್ಳಿ, ಎಲ್ ಸರಣಿಯ ಎಂಜಿನ್ ಬಲು ಗಟ್ಟಿ. ತಗಡು ತಿಂದುಹೋದ ಕಾರನ್ನು ಮಾತ್ರ ಎರಡು ಸಲ ಯೋಚಿಸಿ ಕೊಳ್ಳಿ. ಒಂದು ಸಣ್ಣ ಸುತ್ತಿಗೆ, ಒಂದು ಮೊನಚಾದ ಸ್ಕ್ರೂಡ್ರೈವರ್, ಒಂದು ಆಯಸ್ಕಾಂತ ಜೊತೆಗಿರಲಿ. ಆಯಸ್ಕಾಂತ ಹಿಡಿಯದ ಕಡೆ ಬಣ್ಣದ ಕೆಳಗೆ ಪುಟ್ಟಿ ತುಂಬಿದೆ ಎಂದು ತಿಳಿಯಿರಿ.

ಮೊದಲು ಬ್ಯಾಟರಿ ತಟ್ಟೆ ನೋಡಿ. ಬ್ಯಾಟರಿಯ ಆಮ್ಲ ತೊಟ್ಟಿಕ್ಕಿ ತಟ್ಟೆ ತೂತಾಗುತ್ತದೆ. ಅಲ್ಲಿಗೇ ನಿಲ್ಲದೆ ಕೆಳಗಿನ ಫ್ರೇಮ್ ರೈಲಿಗೂ (ಮೈಯ ಭಾರ ಹೊರುವ ಉದ್ದ ತೊಲೆ) ಇಳಿಯುತ್ತದೆ. ಎರಡನೆಯದು ವೈಪರ್ ಕೆಳಗಿನ ಕೌಲ್. ಅಲ್ಲಿ ಎಲೆ ಕಸ ಕಟ್ಟಿಕೊಂಡರೆ ನೀರು ಹರಿಯಬೇಕಾದ ದಾರಿ ಮುಚ್ಚಿ, ಮುಂದಿನ ಫೆಂಡರಿನ ಹಿಂಬದಿಯಲ್ಲಿ ನಿಲ್ಲುತ್ತದೆ. ಫೆಂಡರ್ ಬೋಲ್ಟಿನಲ್ಲಿ ಕೂತಿರುವುದರಿಂದ ಬಿಚ್ಚಿ ನೋಡುವುದು ಸುಲಭ. ಬಿಚ್ಚಿದಾಗ ಒಳಗೆ ಹಿಡಿಗಟ್ಟಲೆ ಒದ್ದೆ ಮಣ್ಣು ಕಂಡರೆ ಬಾಗಿಲ ಕೆಳಗಿನ ರಾಕರ್ ಪ್ಯಾನೆಲ್‌ನ ಒಳಪದರವೂ ಹೋಗಿರುತ್ತದೆ. ಬಾಗಿಲಿನ ಹಿಂದೆ, ಹಿಂಚಕ್ರದ ಮುಂದೆ ಇರುವ ಡಾಗ್‌ಲೆಗ್, ಸ್ಪೇರ್ ಚಕ್ರದ ಗುಂಡಿ, ಹಿಂಬಾಗಿಲಿನ ಕೆಳಅಂಚು, ರೇಡಿಯೇಟರ್ ಹಿಡಿಯುವ ಅಡ್ಡಪಟ್ಟಿ, ಇವನ್ನೂ ಒಂದೂ ಬಿಡದೆ ಬಡಿದು ನೋಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ನೆಲದ ಕೆಳಗೆ ಉದ್ದಕ್ಕೆ ಹೋಗುವ ಫ್ರೇಮ್ ರೈಲುಗಳು. ಜ್ಯಾಕ್ ಎಲ್ಲೆಂದರಲ್ಲಿ ಕೊಟ್ಟು ಎತ್ತಿದ್ದರಿಂದ ಚಪ್ಪಟೆಯಾದ ರೈಲುಗಳೇ ಹೆಚ್ಚು. ಚಪ್ಪಟೆಯಾದ ಜಾಗದಲ್ಲಿ ನೀರು ನಿಂತು ಒಳಗಿನಿಂದ ತಿನ್ನುತ್ತದೆ. ಹೊಸ ನೆಲತಗಡು, ರೈಲು ಎರಡೂ ಸಿದ್ಧವಾಗಿ ಸಿಗುತ್ತವೆ, 1.2 ಮಿ.ಮೀ. ದಪ್ಪದವನ್ನೇ ಆರಿಸಿ.

ನೆಲ ಕತ್ತರಿಸುವ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡ ಕಬ್ಬಿಣ ಬೆಸೆಯಲೇಬೇಕು. 25 ಮಿ.ಮೀ. ಚೌಕ ಪೈಪು ಸಾಕು, ಪ್ರತಿ ಬಾಗಿಲಿಗೂ ಒಂದು ಅಡ್ಡ, ಒಂದು ಕರ್ಣ. ಬೆಸೆದ ಮೇಲೆ ಎರಡೂ ಕರ್ಣಗಳನ್ನು ಅಳೆದು ಗೋಡೆಯ ಮೇಲೆ ಬರೆದಿಡಿ. ಕಾರು ನಾಲ್ಕೂ ಕಡೆ ಸಮವಾಗಿ, ಸಸ್ಪೆನ್ಶನ್ ಕೂರುವ ಜಾಗಗಳ ಮೇಲೆ ನಿಂತಿರಬೇಕು. ಇದನ್ನು ಬಿಟ್ಟು ನೆಲ ಕತ್ತರಿಸಿದವರ ಕಾರಿನ ಬಾಗಿಲು ಮತ್ತೆ ನೆಟ್ಟಗೆ ಮುಚ್ಚುವುದಿಲ್ಲ. ಒಂದು ಕಡೆ ಪೂರ್ತಿ ಮುಗಿದ ಮೇಲೆ ಇನ್ನೊಂದು ಕಡೆ ಕತ್ತರಿಸಿ, ಎರಡನ್ನೂ ಒಟ್ಟಿಗೆ ತೆರೆಯಬೇಡಿ.

ಬೆಸುಗೆಗೆ 0.6 ಮಿ.ಮೀ. ತಂತಿಯ ಮಿಗ್ ಬೆಸುಗೆ ಯಂತ್ರ ಒಳ್ಳೆಯದು. ಎರಡು ತಗಡು ಒಂದರ ಮೇಲೊಂದು ಕೂರುವ ಕಡೆ, ಕಾರ್ಖಾನೆಯ ಸ್ಪಾಟ್ ವೆಲ್ಡ್ ಇದ್ದ ಜಾಗದಲ್ಲಿ, ಮೇಲಿನ ತಗಡಿಗೆ 8 ಮಿ.ಮೀ. ತೂತು ಕೊರೆದು, ಆ ತೂತನ್ನು ಬೆಸುಗೆಯಿಂದ ತುಂಬಿ (ಪ್ಲಗ್ ವೆಲ್ಡ್). ನಡುವೆ ಸತು ಬೆರೆತ, ಬೆಸುಗೆ ತಾಳುವ ಪ್ರೈಮರ್ ಬಳಿದಿರಲಿ. ಅಂಚಿಗೆ ಅಂಚು ಕೂಡಿಸುವ ಕಡೆ ಒಂದೇ ಎಳೆತದಲ್ಲಿ ಬೆಸೆಯಬೇಡಿ. ಚುಕ್ಕೆ ಹಾಕಿ, 10 ಸೆಂ.ಮೀ. ದೂರ ಹೋಗಿ ಇನ್ನೊಂದು ಚುಕ್ಕೆ ಹಾಕಿ, ಹಿಂದಿನದು ಕೈಗೆ ತಾಳುವಷ್ಟು ಆರಿದ ಮೇಲೆ ಮತ್ತೆ ಅದರ ಪಕ್ಕಕ್ಕೆ ಬನ್ನಿ. ಆತುರ ಮಾಡಿದರೆ ತಗಡು ಅಲೆಯಾಗಿ ಏಳುತ್ತದೆ. ಬಣ್ಣವೆಲ್ಲ ಮುಗಿದ ಮೇಲೆ ರೈಲು, ರಾಕರ್ ಒಳಗೆ ಉದ್ದ ನಳಿಕೆಯಿಂದ ಮೇಣ ಸಿಂಪಡಿಸಿ. ಇದನ್ನು ಬಣ್ಣಕ್ಕಿಂತ ಮೊದಲು ಮಾಡಿದರೆ ಬಣ್ಣ ಹಿಡಿಯುವುದಿಲ್ಲ.

ಬಣ್ಣದ ಸಂಕೇತ ಎಂಜಿನ್ ಕೋಣೆಯಲ್ಲೇ ಇರುತ್ತದೆ. 918 ಕಿತ್ತಳೆ, 920 ಸಫಾರಿ ಗೋಲ್ಡ್, 904 ಬಿಳಿ, 905 ಕೆಂಪು. ಮೂಲ ಬಣ್ಣವನ್ನೇ ಮತ್ತೆ ಹೊಡೆಸುವುದು ನಮ್ಮ ಒಲವು. ಸಫಾರಿ ಎಂಬ ಹೆಸರಿಗೆ ಈ ಕಾರು ಬೆವರು ಸುರಿಸಿದೆ: ಈಸ್ಟ್ ಆಫ್ರಿಕನ್ ಸಫಾರಿ ರ‍್ಯಾಲಿಯನ್ನು 240ಝಡ್ 1971ರಲ್ಲೂ 1973ರಲ್ಲೂ ಗೆದ್ದಿತು, 1973ರಲ್ಲಿ ಸ್ಟೀರಿಂಗ್ ಹಿಡಿದಿದ್ದವರು ಉಗಾಂಡಾದಲ್ಲಿ ಹುಟ್ಟಿದ ಭಾರತೀಯ ಮೂಲದ ಶೇಖರ್ ಮೆಹ್ತಾ.

ಹಿಂದಿನ ಸ್ಪಿಂಡಲ್ ಪಿನ್

ಸಸ್ಪೆನ್ಶನ್ ಬುಷ್ ಬದಲಿಸುವುದು ಎಲ್ಲ ಕಾರಿನಲ್ಲೂ ಇರುವ ಕೆಲಸ. 240ಝಡ್‌ನಲ್ಲಿ ಜನ ಸೋಲುವುದು ಹಿಂದಿನ ಕೆಳತೋಳಿನ ಉದ್ದ ಪಿನ್ನಿನಲ್ಲಿ. ಅದು ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಕೂತಿರುವ ಸ್ಟ್ರಟ್ಟಿನ ಎರಕದ ಬುಡವನ್ನು ತೂರಿ ಹೋಗುತ್ತದೆ, ಐವತ್ತು ವರ್ಷದ ತುಕ್ಕಿನಿಂದ ಅದರೊಳಗೇ ಕಚ್ಚಿಕೊಂಡಿರುತ್ತದೆ. ಮೊದಲು ನಡುವಿನಲ್ಲಿರುವ ಬೀಗದ ಬೋಲ್ಟನ್ನು ತೆಗೆಯಿರಿ: ಅದರ ನಟ್ಟನ್ನು ಬಿಚ್ಚಿ, ತಟ್ಟಿ ಹೊರಹಾಕಿ. ಇದನ್ನು ತೆಗೆಯದೆ ಪಿನ್ನನ್ನು ಬಡಿದವರು ಎರಕವನ್ನೇ ಒಡೆದಿದ್ದಾರೆ. ಆಮೇಲೆ ಹಲವು ದಿನ ತುಕ್ಕು ಸಡಿಲಿಸುವ ಎಣ್ಣೆ ಬಿಡಿ, ಎರಕಕ್ಕೆ ಬಿಸಿ ಕೊಡಿ, ಪಿನ್ನಿನ ತುದಿಯ ತಿರುಪಿನ ಮರೆಗೆ (ಥ್ರೆಡ್) ತಿರುಗಿಸಿ ಕೂರಿಸುವ ಎಳೆಯುವ ಸಾಧನದಿಂದ ಎಳೆಯಿರಿ. ತುದಿಯ ಮೇಲೆ ಸುತ್ತಿಗೆ ಹಾಕಬೇಡಿ. ಮರೆ ಅಣಬೆಯಾಗಿ ಅರಳಿ, ಪಿನ್ ಎಂದಿಗೂ ಹೊರಬಾರದು.

ಇಷ್ಟಕ್ಕೂ ಬಗ್ಗದಿದ್ದರೆ ಪಿನ್ನನ್ನೇ ಬಲಿ ಕೊಡಿ. ಎರಕಕ್ಕೂ ತೋಳಿಗೂ ನಡುವೆ ಎರಡೂ ಕಡೆ ಗರಗಸದಿಂದ ಕತ್ತರಿಸಿ, ಉಳಿದ ತುಂಡನ್ನು ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತಿಸಿ ತೆಗೆಸಿ. ಹೊಸ ಪಿನ್ ಸಿಗುತ್ತದೆ, ಸ್ಟ್ರಟ್ ಎರಕ ಸಿಗುವುದು ಕಷ್ಟ. ಹೊಸದನ್ನು ಕೂರಿಸುವಾಗ ಗ್ರೀಸ್ ಧಾರಾಳವಾಗಿರಲಿ, ಬೀಗದ ಬೋಲ್ಟ್ ಕೂರುವ ಕಚ್ಚು ರಂಧ್ರದ ನೇರಕ್ಕೆ ಬಂದಿರಲಿ. ತೋಳಿನ ನಟ್‌ಗಳನ್ನು ಕಾರು ಚಕ್ರದ ಮೇಲೆ ನಿಂತ ನಂತರವೇ ಕೊನೆಯ ಬಿಗಿ ಮಾಡಿ. ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿ ಮಾಡಿದರೆ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಕಾರ್ಬೊರೇಟರ್

1970ರಿಂದ 72ರವರೆಗಿನ ಕಾರಿಗೆ ಬಂದದ್ದು ಹಿಟಾಚಿ ಮಾಡಿದ, ಎಸ್‌ಯು ನಮೂನೆಯ, ದುಂಡು ತಲೆಯ ಎರಡು ಕಾರ್ಬೊರೇಟರ್. 1973ರಲ್ಲಿ ಹೊಗೆ ನಿಯಮಕ್ಕಾಗಿ ಬಂದ ಚಪ್ಪಟೆ ತಲೆಯವನ್ನು ಆ ಕಾಲದ ಮಾಲೀಕರೇ ಕಿತ್ತು ದುಂಡು ತಲೆಯವನ್ನು ಹಾಕಿಸಿಕೊಂಡದ್ದುಂಟು. ನೀವೂ ಹಾಗೆ ಮಾಡಿದರೆ ಕಾಲಕ್ಕೆ ದ್ರೋಹವಾಗದು.

ಕಾರ್ಬೊರೇಟರ್ ಮುಟ್ಟುವ ಮುನ್ನ ಉಳಿದದ್ದೆಲ್ಲ ಸರಿಯಿರಬೇಕು. ತಣ್ಣಗಿನ ಎಂಜಿನ್‌ನಲ್ಲಿ ವಾಲ್ವ್ ಸಂದು ಗಾಳಿ ಒಳಬಿಡುವ ವಾಲ್ವಿಗೆ 0.20, ಹೊಗೆ ಹೊರಬಿಡುವುದಕ್ಕೆ 0.25 ಮಿ.ಮೀ.; ಬಿಸಿಯಿದ್ದಾಗ 0.25 ಮತ್ತು 0.30. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಸಂದು 0.45ರಿಂದ 0.55 ಮಿ.ಮೀ. ಸಿಲಿಂಡರುಗಳು ಉರಿಯುವ ಕ್ರಮ 1-5-3-6-2-4, ರೋಟರ್ ತಿರುಗುವುದು ಗಡಿಯಾರಕ್ಕೆ ಎದುರು ದಿಕ್ಕಿನಲ್ಲಿ. ಇವು ತಪ್ಪಿದ್ದರೆ ಕಾರ್ಬೊರೇಟರ್ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ.

ಥ್ರಾಟಲ್ ಶಾಫ್ಟ್ (ಗಾಳಿಯ ತಟ್ಟೆ ತಿರುಗುವ ಕಡ್ಡಿ) ಸವೆದಿದೆಯೇ ನೋಡಿ. ಎಂಜಿನ್ ಓಡುತ್ತಿರುವಾಗ, ತಣ್ಣಗಿರುವಾಗಲೇ, ಶಾಫ್ಟಿನ ತುದಿಗೆ ಕಾರ್ಬೊರೇಟರ್ ಕ್ಲೀನರ್ ಒಂದಿಷ್ಟೇ ಸಿಂಪಡಿಸಿ. ಓಟ ಬದಲಾದರೆ ಅಲ್ಲಿಂದ ಗಾಳಿ ಸೇರುತ್ತಿದೆ, ಬುಷ್ ಹಾಕಿಸದೆ ಗತ್ಯಂತರವಿಲ್ಲ. ಎಕ್ಸಾಸ್ಟ್ ಕೂಡ ಅದೇ ಮಗ್ಗುಲಲ್ಲಿ ಇರುವುದರಿಂದ ಅದು ಕಾದ ಮೇಲೆ ಈ ಪರೀಕ್ಷೆ ಅಪಾಯ. ನಂತರ ಕಾರ್ಬೊರೇಟರ್ ಒಳಗಿನ ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಡಿ. ‘ಟಕ್’ ಎಂದು ಬೀಳಬೇಕು. ಬೀಳದಿದ್ದರೆ ಪೆಟ್ರೋಲ್ ಬರುವ ನಳಿಕೆ ನಡುವಿಗೆ ಕೂತಿಲ್ಲ. ಡ್ಯಾಂಪರ್‌ಗೆ 20 ಗ್ರೇಡಿನ ಎಣ್ಣೆ ಹಾಕಿ. ಚೋಕ್ ಒತ್ತಿದ ಮೇಲೆ ಎರಡೂ ನಳಿಕೆ ಪೂರ್ತಿ ಮೇಲಕ್ಕೆ ಮರಳಿವೆಯೇ ನೋಡಿ. ಒಂದು ಕೆಳಗೇ ಅಂಟಿಕೊಂಡರೆ ಅದರ ಪಾಲಿನ ಮೂರು ಸಿಲಿಂಡರ್ ಕಪ್ಪು ಹೊಗೆ ಕಾರುತ್ತವೆ.

ಮಿಶ್ರಣದ ನಟ್ಟನ್ನು ಪೂರ್ತಿ ಮೇಲೆ ತಿರುಗಿಸಿ, ಅಲ್ಲಿಂದ ಎರಡೂವರೆ ಸುತ್ತು ಕೆಳಗೆ ಇಳಿಸಿ. ಇದು ಶುರುವಿನ ಜಾಗ. ಕೆಳಗಿಳಿಸಿದಷ್ಟೂ ಪೆಟ್ರೋಲ್ ಹೆಚ್ಚು. ಎಂಜಿನ್ ಚೆನ್ನಾಗಿ ಕಾದ ಮೇಲೆ ಗಾಳಿ ಅಳೆಯುವ ಮೀಟರನ್ನು ಎರಡರ ಬಾಯಿಗೂ ಹಿಡಿದು, ಸುಮಾರು 750 ಆರ್‌ಪಿಎಂನಲ್ಲಿ ಎರಡೂ ಒಂದೇ ಅಂಕಿ ತೋರಿಸುವವರೆಗೆ ಐಡಲ್ ಸ್ಕ್ರೂ ತಿರುಗಿಸಿ. ಅದಾದ ಮೇಲೆ 2500 ಆರ್‌ಪಿಎಂನಲ್ಲಿ ಹಿಡಿದು, ಎರಡನ್ನೂ ಜೋಡಿಸುವ ಲಿಂಕೇಜ್ ಸ್ಕ್ರೂನಿಂದ ಮತ್ತೆ ಸಮ ಮಾಡಿ. ಎರಡನೆಯದನ್ನು ಬಿಟ್ಟರೆ ನಿಂತಲ್ಲಿ ನಯವಾಗಿ ಓಡುವ ಕಾರು ದಾರಿಯಲ್ಲಿ ಜಗ್ಗುತ್ತದೆ. ಕೊನೆಗೆ ಪಿಸ್ಟನ್ನನ್ನು ಒಂದು ಮಿ.ಮೀ.ಯಷ್ಟು ಎತ್ತಿ ಕೇಳಿಸಿಕೊಳ್ಳಿ. ಓಟ ಏರಿ ಏರಿದಂತೆಯೇ ನಿಂತರೆ ಪೆಟ್ರೋಲ್ ಹೆಚ್ಚಾಗಿದೆ. ಎಂಜಿನ್ ಸೊರಗಿದರೆ ಕಡಿಮೆಯಾಗಿದೆ. ಕ್ಷಣ ಮಾತ್ರ ಏರಿ ಮೊದಲಿನ ಓಟಕ್ಕೆ ಮರಳಿದರೆ ಸರಿಯಿದೆ.

ಇವುಗಳ ಬದಲು ಎರಡೆರಡು ಬಾಯಿಯ ಮೂರು ಕಾರ್ಬೊರೇಟರ್, ಅಂದರೆ ಮಿಕುನಿ-ಸೊಲೆಕ್ಸ್ 40ಪಿಎಚ್‌ಎಚ್ ಹಾಕುವ ಆಸೆ ಸಹಜ. ಎಸ್20 ಎಂಜಿನ್‌ನ ಝಡ್432 ಎಂಬ ಇದೇ ಕಾರಿನ ಇನ್ನೊಂದು ಮಾದರಿಗೆ ಕಾರ್ಖಾನೆಯೇ ಮಿಕುನಿಯ ಮೂರು ಕಾರ್ಬೊರೇಟರ್ ಹಾಕಿತ್ತು, ಆದ್ದರಿಂದ ಕಾಲಕ್ಕೆ ಒಪ್ಪುತ್ತದೆ. ಮೂಲ ಎಲ್24ಕ್ಕೆ 44 ಗಾತ್ರದ್ದು ಬೇಡ. ಕೆಳ ಓಟದಲ್ಲಿ ಗಾಳಿಯ ವೇಗ ಸಾಲದೆ ಕಾರು ಮಂಕಾಗುತ್ತದೆ. 40ರಲ್ಲಿ 30–32 ಮಿ.ಮೀ. ವೆಂಚುರಿ (ಒಳಗಿನ ಕಿರಿದಾದ ಕಂಠ) ಸಾಕು, ಪೆಟ್ರೋಲ್ ಒತ್ತಡ 3 ಪಿಎಸ್‌ಐ ಆಸುಪಾಸು. ಆರು ಬಾಯಿಗಳನ್ನೂ ಒಂದೊಂದಾಗಿ ಅಳೆದು ಸಮ ಮಾಡಬೇಕು. ಸ್ವಲ್ಪ ಥ್ರಾಟಲ್ ಒತ್ತಿದಾಗ ಕಾರ್ಬೊರೇಟರ್ ಕೆಮ್ಮಿದರೆ ಕೆಳ ಓಟಕ್ಕೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ ಚಿಕ್ಕದಾಗಿದೆ. ಬ್ರೇಕ್ ಬೂಸ್ಟರ್‌ಗೆ ಬೇಕಾದ ನಿರ್ವಾತವನ್ನು ಒಂದೇ ಸಿಲಿಂಡರ್‌ನಿಂದ ತೆಗೆಯುವುದು ಹಲವರ ತಪ್ಪು. ಎಲ್ಲ ದಾರಿಗಳಿಂದ ಸಣ್ಣ ಕೊಳವೆ ತಂದು ಒಂದು ಚಿಕ್ಕ ಡಬ್ಬಿಗೆ ಸೇರಿಸಿ, ಅಲ್ಲಿಂದ ಏಕಮುಖ ವಾಲ್ವ್ ಮೂಲಕ ಬೂಸ್ಟರ್‌ಗೆ ಕೊಡಿ.

ಹಿಟಾಚಿ, ಮಿಕುನಿ ಎರಡರಲ್ಲೂ ಬರುವ ಕಾಟ ಒಂದೇ: ಬಿಸಿ ಎಂಜಿನ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಮತ್ತೆ ಹತ್ತಿಕೊಳ್ಳದು. ಎಕ್ಸಾಸ್ಟಿನ ಬಿಸಿ ನೇರ ಮೇಲಕ್ಕೆ ಬಂದು ಪೆಟ್ರೋಲನ್ನು ಕುದಿಸುತ್ತದೆ, ಎಥನಾಲ್ ಬೆರೆತದ್ದು ಇನ್ನೂ ಬೇಗ. ಕಾರ್ಖಾನೆಯ ಶಾಖ ತಡೆಯುವ ತಗಡನ್ನು ಮರಳಿ ಕೂರಿಸಿ, ಪೆಟ್ರೋಲ್ ರೈಲಿಗೆ ಶಾಖನಿರೋಧಕ ಪಟ್ಟಿ ಸುತ್ತಿ.

ವೈರಿಂಗ್ ಮತ್ತು ಚಕ್ರ

ಮೂಲ ವೈರಿಂಗ್‌ನಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟು ಸ್ಟೀರಿಂಗ್ ಬಳಿಯ ಸ್ವಿಚ್ಚಿನ ಮೂಲಕವೇ ಹರಿಯುತ್ತದೆ. ಸ್ವಿಚ್ಚು, ಫ್ಯೂಸ್ ಪೆಟ್ಟಿಗೆ ಎರಡೂ ಕಾದು ಕರಗುವುದು ಇದರಿಂದ. ಕಣ್ಣಿಗೆ ಬೀಳದ ಕಡೆ ಎರಡು ರಿಲೇ ಹಾಕಿ. ಕಾಲಕ್ಕೆ ನಿಷ್ಠೆ ಎಂಬುದು ಬೆಂಕಿಯ ಅಪಾಯಕ್ಕೆ ನೆಪವಾಗಬಾರದು.

ಚಕ್ರಕ್ಕೆ ಬೋಲ್ಟಿನ ಅಳತೆ 4×114.3 (114.3 ಮಿ.ಮೀ. ವೃತ್ತದಲ್ಲಿ ನಾಲ್ಕು ಬೋಲ್ಟು), ಸ್ಟಡ್ ಎಂ12×1.25. ಆರ್‌ಎಸ್ ವಟಾನಬೆಯ ಎಂಟು ಕಡ್ಡಿಯ ಚಕ್ರ ಈ ಕಾರಿಗೆ ಒಪ್ಪುವಷ್ಟು ಬೇರೆ ಯಾವುದೂ ಒಪ್ಪದು. ಫೆಂಡರ್ ಕತ್ತರಿಸದೆ ಹಾಕುವುದಾದರೆ 14 ಇಂಚಿಗೆ 195/70, 15 ಇಂಚಿಗೆ 205/60 ಟಯರ್; ಎರಡರ ವ್ಯಾಸವೂ ಸುಮಾರು 63 ಸೆಂ.ಮೀ., ಸ್ಪೀಡೋಮೀಟರ್ ಹೆಚ್ಚು ತಪ್ಪದು. ಹಿಂದೆ ಸ್ಪ್ರಿಂಗ್ ಕೂರುವ ತಟ್ಟೆ ಟಯರಿನ ನೆತ್ತಿಗೆ ಬಲು ಹತ್ತಿರ; ಅಗಲವಾದ ಚಕ್ರ ಕೊಳ್ಳುವ ಮೊದಲು ಅಲ್ಲಿ ಜೇಡಿ ಮಣ್ಣು ಅಂಟಿಸಿ ಸಂದು ಅಳೆಯಿರಿ. ಆ ಕಾಲದ ಅಸಲಿ ಮೆಗ್ನೀಸಿಯಂ ಚಕ್ರ ಸಿಕ್ಕರೆ ಬಿರುಕಿನ ಪರೀಕ್ಷೆ ಮಾಡಿಸದೆ ರಸ್ತೆಗಿಳಿಸಬೇಡಿ. 240ಝಡ್‌ಜಿ ಮಾದರಿಯ ಓವರ್‌ಫೆಂಡರ್ (ಚಕ್ರದ ಕಮಾನಿನ ಮೇಲೆ ಕೂರುವ ಅಗಲ ಹೊದಿಕೆ) ಹಾಕುವವರು ಹಿಂದಿನ ಕಮಾನು ಕತ್ತರಿಸಿದ ಮೇಲೆ ಒಳಪದರವನ್ನೂ ಹೊರಪದರವನ್ನೂ ಮತ್ತೆ ಕೂಡಿಸಿ ಬೆಸೆಯಬೇಕು. ಹಾಗೇ ಬಿಟ್ಟು ಮೇಲೆ ಫೈಬರ್ ಮುಚ್ಚಿದರೆ ನೀರು ನೇರ ರಾಕರ್ ಕಡೆಗೆ ಇಳಿಯುತ್ತದೆ.

ಒಳಗೆ ಕೂತಾಗ ಹೊಗೆಯ ವಾಸನೆ ಬಂದರೆ ಮಿಶ್ರಣವನ್ನು ಬೈಯಬೇಡಿ. ಓಡುವ ಕಾರಿನ ಹಿಂದೆ ಒತ್ತಡ ಇಳಿದು ಹೊಗೆ ಒಳಕ್ಕೆ ಸೆಳೆಯಲ್ಪಡುತ್ತದೆ. ಹಿಂಬಾಗಿಲಿನ ರಬ್ಬರ್, ಹಿಂದೀಪಗಳ ಗ್ಯಾಸ್ಕೆಟ್, ವೈರು ತೂರುವ ಕಡೆಯ ಗ್ರಾಮೆಟ್, ಎಲ್ಲವನ್ನೂ ಹೊಸದು ಮಾಡಿ. ಹಸಿ ಪೆಟ್ರೋಲಿನ ವಾಸನೆಯಾದರೆ ಬಲಗಡೆ ಹಿಂದಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ. ಟ್ಯಾಂಕಿನ ಆವಿ ಕೊಳವೆಗಳು ಅಲ್ಲೇ ಇವೆ, ಬೆರಳಲ್ಲಿ ಒತ್ತಿದರೆ ಬಿರುಕು ಬಿಡುತ್ತವೆ. ಎಲ್ಲ ಕೊಳವೆಗಳನ್ನೂ ಒಟ್ಟಿಗೇ ಬದಲಿಸಿ, ಒಂದನ್ನು ಉಳಿಸಿದರೂ ವಾಸನೆ ಉಳಿಯುತ್ತದೆ.