ರಾಯಲ್ ರಾಬಿನ್ಸ್ ಸ್ಮರಣೆಗೆ ಬಂಡೆ ಹತ್ತುವ ಕ್ರಮ

2017ರಲ್ಲಿ ತೀರಿಕೊಂಡ ಅಮೆರಿಕದ ಶಿಲಾರೋಹಿ ರಾಯಲ್ ರಾಬಿನ್ಸ್ ಅವರನ್ನು ನೆನೆಯಲು ಭಾಷಣಗಳಿಗಿಂತ ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯಲ್ಲಿ ಬಂಡೆ ಹತ್ತುವ ನಟ್‌ಕ್ರ್ಯಾಕರ್ ಎಂಬ ಮಾರ್ಗವೇ ಸೂಕ್ತ. 1967ರಲ್ಲಿ ಅವರು ಪತ್ನಿ ಲಿಜ್ ಅವರೊಡನೆ ಹಗ್ಗದ ಆಧಾರಕ್ಕೆಂದು ಬಂಡೆಗೆ ಒಂದೂ ಮೊಳೆ ಹೊಡೆಯದೆ ಅದನ್ನು ಮೊದಲ ಬಾರಿಗೆ ಹತ್ತಿದರು. ಬಂಡೆಗೆ ಸ್ಮಾರಕ ಫಲಕ ಬಡಿಯುವ ಆಲೋಚನೆ ಯಾರಿಗಾದರೂ ಬಂದರೆ ದಯವಿಟ್ಟು ತಡೆಯಿರಿ: ಮೊಳೆಯಿಂದ ಕಲ್ಲಿಗಾಗುವ ಗಾಯವನ್ನು ತಪ್ಪಿಸಲೆಂದೇ ಅವರು ಬ್ರಿಟನ್ನಿನಲ್ಲಿ ಕಂಡ, ಬಿರುಕಿನಲ್ಲಿ ನಟ್ಟು (ಹಗ್ಗಕ್ಕೆ ಆಧಾರವಾಗುವ ಬೆಣೆಯಂಥ ಲೋಹದ ತುಂಡು) ಸಿಕ್ಕಿಸುವ ಪದ್ಧತಿಯನ್ನು ಅಮೆರಿಕದಲ್ಲಿ ಪ್ರಚಾರ ಮಾಡಿದರು.

ಸುತ್ತಿಗೆಯನ್ನು ಕೆಳಗೇ ಬಿಟ್ಟು ಹೊರಡಿ. ಬಿರುಕು ಕೆಳಮುಖವಾಗಿ ಕಿರಿದಾಗುವ ಜಾಗವನ್ನು ಹುಡುಕಿ, ಲೋಹದ ನಟ್ಟನ್ನು ಮೇಲಿನಿಂದ ಇಳಿಸಿ, ಅದರ ಎರಡೂ ಬದಿ ಕಲ್ಲಿಗೆ ಪೂರ್ತಿ ತಾಗಿರುವುದನ್ನು ನೋಡಿಕೊಂಡು, ಕೆಳಕ್ಕೆ ಬಲವಾಗಿ ಜಗ್ಗಿ ಕೂರಿಸಿ. ಅಲುಗಾಡಿದರೆ ಬೇರೆ ಅಳತೆಯದನ್ನು ಹಾಕಿ. ಹಗ್ಗದ ಎಳೆತಕ್ಕೆ ನಟ್ಟು ಮೇಲೆದ್ದು ಕಳಚದಂತೆ ಅವೆರಡರ ನಡುವೆ ಉದ್ದನೆಯ ನೇಯ್ದ ಪಟ್ಟಿಯನ್ನು (ಸ್ಲಿಂಗ್) ಜೋಡಿಸುವುದು ಅಗತ್ಯ. ಹಿಂದೆ ಹತ್ತಿ ಬರುವವರು ಪ್ರತಿ ನಟ್ಟನ್ನೂ ಮೇಲಕ್ಕೆ ತಳ್ಳಿ ಬಿಡಿಸಿ, ತಮ್ಮೊಂದಿಗೆ ತರಬೇಕು.