ಸೈಟು, ಮನೆ ಕೊಳ್ಳುವಾಗ ನಿಮ್ಮ ವಕೀಲರನ್ನು ಆರಿಸುವುದು ಹೇಗೆ?

ಸೈಟು ನೋಡಿ ಮನೆಗೆ ಬಂದ ಸಂಜೆಯೇ ಬ್ರೋಕರ್ ಫೋನು ಬರುತ್ತದೆ. ‘ಇನ್ನೊಂದು ಪಾರ್ಟಿ ನಾಳೆ ಬರ್ತಿದೆ ಮೇಡಂ, ಟೋಕನ್ ಕೊಟ್ಟು ಹಿಡ್ಕೊಳ್ಳಿ. ಪೇಪರೆಲ್ಲ ಕ್ಲಿಯರ್. ನಮ್ಮ ಲಾಯರೇ ನೋಡಿದ್ದಾರೆ.’ ಆ ‘ನಮ್ಮ’ ಅಂದರೆ ಯಾರ ಲಾಯರು ಎಂದು ಆ ಗಳಿಗೆಯಲ್ಲಿ ಕೇಳಲು ಯಾರಿಗೂ ತೋಚುವುದಿಲ್ಲ.

ಮೈಸೂರಿನ ಹೊರವಲಯದ 30×40 ಸೈಟಿಗಾಗಿ ನಮ್ಮಕ್ಕ ಇಂಥದೇ ಫೋನಿಗೆ ಒಪ್ಪಿ 50,000 ರೂಪಾಯಿ ಕೊಟ್ಟೇಬಿಟ್ಟಳು. ವಕೀಲರ ಹತ್ತಿರ ಹೋದದ್ದು ಆಮೇಲೆ. ನಾನೂ ಜೊತೆಗಿದ್ದೆ. ಆ ಹಿರಿಯ ವಕೀಲರು ಜೆರಾಕ್ಸ್ ಕಟ್ಟು ಬಿಚ್ಚಿ, ಒಂದು ಬಿಳಿ ಹಾಳೆ ಎಳೆದುಕೊಂಡು ಪೆನ್ಸಿಲಿನಲ್ಲಿ ಬರೆಯುತ್ತ ಹೋದರು. ತುದಿಯಲ್ಲಿ ಜಮೀನಿನ ಮೊದಲ ಒಡೆಯನ ಹೆಸರು, ಅದರಿಂದ ಕೆಳಕ್ಕೆ ಒಂದು ಬಾಣ, ಬಾಣದ ಪಕ್ಕದಲ್ಲಿ ಇಸವಿ ಮತ್ತು ಪತ್ರದ ನಂಬರು, ಮತ್ತೆ ಹೆಸರು, ಮತ್ತೆ ಬಾಣ. ಪೆನ್ಸಿಲು 2009ರ ವಿಭಾಗಪತ್ರದ ಬಳಿ ನಿಂತಿತು. ವಂಶವೃಕ್ಷವನ್ನು ಪಕ್ಕಕ್ಕಿಟ್ಟು ಹೋಲಿಸಿದರು. ‘ಮೂವರು ಗಂಡುಮಕ್ಕಳ ಸಹಿ ಇದೆ ಅಮ್ಮ. ಈ ಇಬ್ಬರು ಹೆಣ್ಣುಮಕ್ಕಳು ಎಲ್ಲಿ?’

ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಬಂದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲಿದೆ. ಬ್ರೋಕರನ್ನು ಕೇಳಿದರೆ, ‘ಅವರಿಗೆಲ್ಲ ಮದುವೆ ಆಗಿದೆ, ಏನೂ ಕೇಳಲ್ಲ ಬಿಡಿ’ ಎಂಬ ಉತ್ತರ. ಆ ಹೆಣ್ಣುಮಕ್ಕಳಿಂದ ಹಕ್ಕು ಬಿಡುಗಡೆ ಪತ್ರ ಬರಲಿಲ್ಲ. ಅಕ್ಕ ಸೈಟು ಬಿಟ್ಟಳು. ಟೋಕನ್ ಹಣದಲ್ಲಿ ಅರ್ಧ ಮಾತ್ರ ವಾಪಸಾಯಿತು, ಅದೂ ಹತ್ತಾರು ಸಲ ಅಲೆದ ಮೇಲೆ. ಆದರೂ ಆ ಪೆನ್ಸಿಲಿಗೆ ಕೊಟ್ಟ ಫೀಸಿನಿಂದ ಅವಳ ಜೀವಮಾನದ ಉಳಿತಾಯ ಉಳಿಯಿತು ಎಂದೇ ನಾನು ನಂಬಿದ್ದೇನೆ.

ಮೊದಲು ವಕೀಲರು, ಆಮೇಲೆ ಹಣ

ಹಾಗಾಗಿ ಮೊದಲ ಹೆಜ್ಜೆ ಇದು: ಟೋಕನ್, ಅಡ್ವಾನ್ಸ್, ಕ್ರಯದ ಕರಾರು ಯಾವುದಕ್ಕೂ ಕೈ ಹಾಕುವ ಮೊದಲು ವಕೀಲರನ್ನು ಗೊತ್ತುಮಾಡಿಕೊಳ್ಳಿ. ಬರೀ ಕ್ರಯದ ಕರಾರಿನಿಂದ ಆಸ್ತಿಯ ಮೇಲೆ ಹಕ್ಕು ಹುಟ್ಟುವುದಿಲ್ಲ; 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಮಾರುವವರು ಅವಸರ ಮಾಡಿದರೆ, ‘ದಾಖಲೆಗಳ ಜೆರಾಕ್ಸ್ ಕೊಡಿ, ಎರಡು ವಾರ ಟೈಮ್ ಕೊಡಿ’ ಎನ್ನಿ. ಜೆರಾಕ್ಸ್ ಕೊಡಲೂ ಹಿಂಜರಿಯುವವರ ಆಸ್ತಿ ನಿಮಗೆ ಬೇಡ. ಫ್ಲ್ಯಾಟ್ ಆದರೆ, ನೋಂದಾಯಿತ ಕರಾರು ಮಾಡಿಕೊಳ್ಳದೆ ಬಿಲ್ಡರು ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ ಎಂಬ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನಿಯಮವೂ ನೆನಪಿರಲಿ.

ಯಾರು ನಿಮ್ಮ ವಕೀಲರಲ್ಲ?

ಬ್ರೋಕರ್ ತೋರಿಸುವ ವಕೀಲರು ನಿಮ್ಮವರಲ್ಲ. ಬಿಲ್ಡರ್ ಕೈಗಿಡುವ ಲೀಗಲ್ ಒಪಿನಿಯನ್ (ದಾಖಲೆಗಳನ್ನು ನೋಡಿ ವಕೀಲರು ಬರೆದುಕೊಡುವ ಅಭಿಪ್ರಾಯ) ಬರೆದವರೂ ನಿಮ್ಮವರಲ್ಲ. ಅವರು ಪ್ರಾಮಾಣಿಕರೇ ಇರಬಹುದು, ಆದರೆ ಅವರನ್ನು ನೇಮಿಸಿದವರು ನೀವಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಕೂರುವ ಪತ್ರ ಬರಹಗಾರರು ಪತ್ರವನ್ನು ಚೊಕ್ಕವಾಗಿ ಬರೆದುಕೊಡುತ್ತಾರೆ. ಮಾರುವವರಿಗೆ ಮಾರುವ ಹಕ್ಕಿದೆಯೇ ಎಂದು ನೋಡುವುದು ಅವರ ಕೆಲಸವಲ್ಲ.

ಬಹಳ ಜನ ಎಡವುವುದು ಬ್ಯಾಂಕಿನ ವಿಷಯದಲ್ಲಿ. ‘ಬ್ಯಾಂಕು ಸಾಲ ಕೊಡ್ತಿದೆ ಅಂದ್ಮೇಲೆ ಪೇಪರ್ ಸರಿಯಾಗೇ ಇರುತ್ತೆ’ ಎಂಬ ಮಾತನ್ನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಬ್ಯಾಂಕಿನ ಪ್ಯಾನೆಲ್ ವಕೀಲರು ವರದಿ ಕೊಡುವುದು ಬ್ಯಾಂಕಿಗೆ. ಅವರು ನೋಡುವುದು ಬ್ಯಾಂಕಿನ ಸಾಲಕ್ಕೆ ಈ ಆಸ್ತಿ ಸಾಕಷ್ಟು ಭದ್ರತೆಯೇ ಎಂಬುದನ್ನು. ನಾಳೆ ಆಸ್ತಿ ವ್ಯಾಜ್ಯಕ್ಕೆ ಸಿಕ್ಕಿದರೂ ನಿಮ್ಮ ಸಂಬಳದಿಂದ ಕಂತು ಕಟ್ಟುತ್ತಲೇ ಇರಬೇಕು. ಎರಡು ಫೀಸು ಏಕೆ ಎನಿಸಿದರೂ ನಿಮ್ಮದೇ ವಕೀಲರನ್ನು ಬೇರೆಯಾಗಿ ಇಟ್ಟುಕೊಳ್ಳಿ.

ಆ ಊರಿನ ವಕೀಲರೇ ಏಕೆ?

ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. 1956ರಲ್ಲಿ ನಮ್ಮ ರಾಜ್ಯ ಒಂದಾದಾಗ ಮೈಸೂರಿನ ಜೊತೆಗೆ ಮುಂಬಯಿ, ಹೈದರಾಬಾದ್, ಮದರಾಸು ರಾಜ್ಯಗಳ ಭಾಗಗಳೂ ಕೊಡಗೂ ಸೇರಿದವು. ಜನ ಒಂದಾದರು, ದಾಖಲೆಗಳು ತಮ್ಮ ತಮ್ಮ ಹಳೆಯ ಭಾಷೆಯಲ್ಲೇ ಉಳಿದವು. ಬೆಳಗಾವಿ, ಹುಬ್ಬಳ್ಳಿ, ಧಾರವಾಡದಲ್ಲಿ ಮಾತು ಶುರುವಾಗುವುದೇ ಸಿಟಿ ಸರ್ವೆ ನಂಬರು ಮತ್ತು ಉತಾರದಿಂದ (ಆಸ್ತಿ ದಾಖಲೆಯ ಪ್ರತಿ). ಹಳೆಯ ಕಾಗದ ಮರಾಠಿಯ ಮೋಡಿ ಲಿಪಿಯಲ್ಲಿರಬಹುದು. ಕಲಬುರಗಿ, ಬೀದರಿನಲ್ಲಿ ಉರ್ದು ಕಾಗದ ಎದುರಾಗುತ್ತದೆ. ಮಂಗಳೂರು, ಉಡುಪಿಯಲ್ಲಿ ಮೂಲಗೇಣಿ (ಶಾಶ್ವತ ಗೇಣಿ) ಎಂದರೇನು, ತಾಯಿಯ ಕಡೆಯಿಂದ ವಂಶ ನಡೆಯುವ ಅಳಿಯಸಂತಾನದ ಕುಟುಂಬದಲ್ಲಿ ಯಾರ್‍ಯಾರ ಸಹಿ ಬೇಕು ಎಂದು ತಿಳಿದವರು ಬೇಕು. ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಮೀನಿನ ಲೆಕ್ಕವೇ ಬೇರೆ. ಹಳೆ ಮೈಸೂರಿನ ಕಡೆ ಇನಾಂ (ಹಿಂದೆ ಕೊಡುಗೆಯಾಗಿ ಕೊಟ್ಟ) ಜಮೀನು, ದರಖಾಸ್ತಿನಲ್ಲಿ (ಸರ್ಕಾರಕ್ಕೆ ಅರ್ಜಿ ಹಾಕಿ) ಮಂಜೂರಾದ ಜಮೀನು. ಬೆಂಗಳೂರಿನಲ್ಲಿ ಭೂಪರಿವರ್ತನೆಯಾಗದ ರೆವಿನ್ಯೂ ಸೈಟು, ಅನುಮೋದನೆ ಸರಿಯಿಲ್ಲದ ಆಸ್ತಿಯ ಬಿ ಖಾತಾ, ರಾಜಕಾಲುವೆಯ ಅಂಚು.

ಬೆಂಗಳೂರಿನ ಹೈಕೋರ್ಟಿನಲ್ಲಿ ಹೆಸರು ಮಾಡಿದವರಾದರೂ ಕುಂದಾಪುರದ ಮೂಲಗೇಣಿ ಚೀಟಿಯ ಮುಂದೆ ತಡವರಿಸಬಹುದು. ಆ ತಾಲ್ಲೂಕು ಕಚೇರಿಗೆ ದಿನಾ ಹೋಗಿಬರುವವರಿಗೆ ಯಾವ ಸರ್ವೆ ನಂಬರಿನಲ್ಲಿ ಪೋಡಿ (ಅಳೆದು ಬೇರೆ ಬೇರೆ ಮಾಡುವುದು) ಆಗಿಲ್ಲ, ಯಾವ ಲೇಔಟಿನ ಪಾರ್ಕ್ ಜಾಗ ಕದ್ದು ಮಾರಾಟವಾಗಿದೆ ಎಂಬುದು ಗೊತ್ತಿರುತ್ತದೆ. ಅದು ಯಾವ ಆನ್‌ಲೈನ್ ದಾಖಲೆಯಲ್ಲೂ ಸಿಗುವಂಥದ್ದಲ್ಲ.

ಹೆಸರು ಎಲ್ಲಿ ಕೇಳಬೇಕು?

ವಕೀಲರು ಜಾಹೀರಾತು ಕೊಟ್ಟು ಕಕ್ಷಿದಾರರನ್ನು ಕರೆಯುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಹಾಗಾಗಿ ಮೊಬೈಲಿನಲ್ಲಿ ಹುಡುಕಿದಾಗ ಮೇಲೆ ಬಂದ ಹೆಸರನ್ನು ಅರ್ಹತೆ ಎಂದುಕೊಳ್ಳಬೇಡಿ. ಅದೇ ಬಡಾವಣೆಯಲ್ಲಿ ಇತ್ತೀಚೆಗೆ ಮನೆ ಕೊಂಡವರ ಬಾಗಿಲು ತಟ್ಟಿ ಕೇಳಿ. ಊರಿನ ಕೋರ್ಟಿನ ವಕೀಲರ ಸಂಘದಲ್ಲಿ ವಿಚಾರಿಸಿ: ‘ಸಿವಿಲ್ ಕೇಸು, ಅದರಲ್ಲೂ ಪಾಲಿನ ದಾವೆ ನಡೆಸುವವರು ಯಾರಿದ್ದಾರೆ?’ ಇದು ನನ್ನ ಸ್ವಂತ ಅಭಿಪ್ರಾಯ: ಪಾಲಿನ ದಾವೆಗಳಲ್ಲಿ ಪಳಗಿದವರೇ ಒಳ್ಳೆಯ ಲೀಗಲ್ ಒಪಿನಿಯನ್ ಕೊಡುತ್ತಾರೆ. ಪತ್ರ ಎಲ್ಲೆಲ್ಲಿ ಬಿರುಕು ಬಿಡುತ್ತದೆ ಎಂಬುದನ್ನು ಅವರು ಕೋರ್ಟಿನಲ್ಲಿ ಕಣ್ಣಾರೆ ಕಂಡಿರುತ್ತಾರೆ.

ಎರಡು ಮೂರು ಹೆಸರು ಸಿಕ್ಕಿದ ಮೇಲೆ ನೋಂದಣಿ ಸಂಖ್ಯೆ ಕೇಳಿ. ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಾಯಿತರಾದವರಿಗೆಲ್ಲ ಸಂಖ್ಯೆ, ಇಸವಿ ಇರುತ್ತದೆ. ಕೇಳಿದರೆ ಒಳ್ಳೆಯವರು ಬೇಸರಪಟ್ಟುಕೊಳ್ಳುವುದಿಲ್ಲ. ‘ಈ ಮಾರುವವರಿಗೋ ಬಿಲ್ಡರಿಗೋ ನೀವು ಕೆಲಸ ಮಾಡಿದ್ದೀರಾ ಸಾರ್?’ ಎಂದೂ ನೇರವಾಗಿ ಕೇಳಿಬಿಡಿ.

ಮೊದಲ ಭೇಟಿಯಲ್ಲಿ ಗಮನಿಸಬೇಕಾದ್ದು

ಕ್ರಯಪತ್ರ, ಮೂಲಪತ್ರ, ಖಾತಾ, ಕಂದಾಯ ರಸೀದಿ, ಜಮೀನಾಗಿದ್ದರೆ ಪಹಣಿ, ಭೂಪರಿವರ್ತನೆ ಆದೇಶ, ಇ.ಸಿ. (ಋಣಭಾರ ಪತ್ರ) ಎಲ್ಲದರ ಜೆರಾಕ್ಸ್ ತೆಗೆದುಕೊಂಡು ಹೋಗಿ. ಮೂಲ ಕಾಗದ ನಿಮ್ಮ ಕೈಯಲ್ಲಿದ್ದರೂ ಒಯ್ಯಬೇಡಿ.

ಹತ್ತು ನಿಮಿಷ ತಿರುವಿಹಾಕಿ ‘ಓಕೆ, ಕ್ಲಿಯರ್ ಇದೆ’ ಎಂದರೆ ಎದ್ದು ಬನ್ನಿ. ಒಳ್ಳೆಯ ವಕೀಲರು ನಿಮಗೆ ಉತ್ತರ ಕೊಡುವುದಕ್ಕಿಂತ ಹೆಚ್ಚಾಗಿ ನಿಮ್ಮನ್ನೇ ಪ್ರಶ್ನೆ ಕೇಳುತ್ತಾರೆ. ಜಾಗ ನೋಡಿದಿರಾ? ಅಲ್ಲಿ ಈಗ ಯಾರಿದ್ದಾರೆ? ಮಾರುವವರ ಅಪ್ಪ ಇದ್ದಾರಾ? ಮಕ್ಕಳಲ್ಲಿ ಮೈನರ್ ಇದ್ದಾರಾ? ಈ ಜಮೀನು ಯಾರಿಗಾದರೂ ಸರ್ಕಾರದಿಂದ ಮಂಜೂರಾದದ್ದೇ? ಕೊನೆಯ ಪ್ರಶ್ನೆ ಕರ್ನಾಟಕದಲ್ಲಿ ಕೇಳಲೇಬೇಕಾದದ್ದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಮಾರಿದ್ದರೆ, 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಕ್ರಯವೇ ಅಸಿಂಧು. ಜಮೀನು ಸೈಟಾಗಿ ಎಷ್ಟು ಕೈ ಬದಲಾಗಿದ್ದರೂ ಆ ತೊಡಕು ಹಿಂದೆಯೇ ಬರುತ್ತದೆ. ಬಡವರ ಭೂಮಿ ಕೈತಪ್ಪದಿರಲಿ ಎಂದು ಬಂದ ಕಾಯ್ದೆ ಇದು. ಗೊತ್ತಿಲ್ಲದೆ ಕೊಂಡವರಿಗೂ ವಿನಾಯಿತಿ ಇಲ್ಲ.

ನೀವೂ ಕೇಳಿ: ‘ಇ.ಸಿ. ಎಷ್ಟು ವರ್ಷಕ್ಕೆ ತೆಗೆಸುತ್ತೀರಿ?’ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರಿಂದೀಚಿನ ವ್ಯವಹಾರಗಳು ಸುಲಭವಾಗಿ ಸಿಗುತ್ತವೆ. ಅದರ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿನ ಹಳೆಯ ಪುಸ್ತಕಗಳನ್ನೇ ತೆಗೆಸಬೇಕು. ಆನ್‌ಲೈನ್ ಪ್ರತಿಗೆ ನಿಲ್ಲಿಸುವವರು ಅರ್ಧ ಕೆಲಸ ಮಾಡಿದಂತೆ. ಕನಿಷ್ಠ 30 ವರ್ಷದ ಕೊಂಡಿ ನೋಡಿಸಿ. ಇ.ಸಿ.ಯಲ್ಲಿ ಕಾಣುವುದು ನೋಂದಾಯಿತ ವ್ಯವಹಾರ ಮಾತ್ರ. ನೋಂದಣಿಯಾಗದ ವಿಲ್, ಎಷ್ಟೋ ಕೋರ್ಟು ದಾವೆಗಳು ಅದರಲ್ಲಿ ಇರುವುದಿಲ್ಲ. ಹಾಗಾಗಿ ಒಳ್ಳೆಯ ವಕೀಲರು ಮಾರುವವರ ಹೆಸರಿನಲ್ಲಿ ಕೇಸುಗಳನ್ನು ಹುಡುಕಿಸುತ್ತಾರೆ, ಮೂಲ ಪತ್ರಗಳನ್ನು ಕಣ್ಣಿಂದ ನೋಡಿಯೇ ತೀರುತ್ತೇನೆ ಎನ್ನುತ್ತಾರೆ, ಸ್ಥಳೀಯರು ಓದುವ ಕನ್ನಡ ಪತ್ರಿಕೆಯಲ್ಲಿ ಆಕ್ಷೇಪಣೆ ಕೋರಿ ಪ್ರಕಟಣೆ ಕೊಡಿಸುತ್ತಾರೆ.

ಫೀಸು

ಆಸ್ತಿಯ ಬೆಲೆಯ ಮೇಲೆ ಶೇಕಡಾವಾರು ಕೇಳುವವರಿಗಿಂತ ಕೆಲಸಕ್ಕೆ ಇಷ್ಟು ಎಂದು ಹೇಳುವವರು ಮೇಲು. ರಿಜಿಸ್ಟ್ರೇಷನ್ ಆದರೆ ಮಾತ್ರ ಫೀಸು ಎನ್ನುವವರಿಂದ ‘ಇದನ್ನು ಕೊಳ್ಳಬೇಡಿ’ ಎಂಬ ಸಲಹೆ ಬರುವುದು ಕಷ್ಟ. ಒಪಿನಿಯನ್‌ಗೆ ಎಷ್ಟು, ಕರಾರು ಮತ್ತು ಕ್ರಯಪತ್ರದ ಕರಡಿಗೆ ಎಷ್ಟು, ರಿಜಿಸ್ಟ್ರೇಷನ್ ದಿನ ಜೊತೆಗೆ ಬರುತ್ತಾರೆಯೇ, ಖಾತಾ ಬದಲಾವಣೆ ಸೇರಿದೆಯೇ ಎಂಬುದನ್ನು ಬರೆಸಿಕೊಳ್ಳಿ, ಬರೀ ವಾಟ್ಸ್‌ಆ್ಯಪ್ ಸಂದೇಶವಾದರೂ ಸರಿ. ‘ಆಫೀಸ್ ಖರ್ಚು’ ಎಂಬ ಒಂದೇ ಸಾಲಿಗೆ ದೊಡ್ಡ ಮೊತ್ತ ಬರೆದಿದ್ದರೆ ಬಿಡಿಸಿ ಕೇಳಿ. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕವನ್ನು ಸರ್ಕಾರಕ್ಕೆ ನೀವೇ ಆನ್‌ಲೈನಿನಲ್ಲಿ ಕಟ್ಟಿ. ಯಾರ ಕೈಗೂ ನಗದು ಕೊಡಬೇಡಿ. ಬೆಲೆ 50 ಲಕ್ಷ ರೂಪಾಯಿ ಮುಟ್ಟಿದರೆ ಶೇ 1ರಷ್ಟು ಟಿಡಿಎಸ್ (ಮೂಲದಲ್ಲೇ ಕಡಿತ ಮಾಡುವ ತೆರಿಗೆ) ಹಿಡಿದು ಕಟ್ಟುವ ಹೊಣೆ ಕೊಳ್ಳುವವರದು. ಇದನ್ನು ನೀವು ಕೇಳುವ ಮೊದಲೇ ಹೇಳಿದ ವಕೀಲರ ಬಗ್ಗೆ ನನಗೆ ಗೌರವ ಹೆಚ್ಚು.

ವಿದೇಶದಲ್ಲಿ ಇರುವವರಿಗೆ ಒಂದು ಮಾತು. ವಕೀಲರ ಹೆಸರಿಗೇ ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಪತ್ರ) ಬರೆದುಕೊಡಬೇಡಿ. ತಂದೆ, ತಾಯಿ, ಒಡಹುಟ್ಟಿದವರ ಹೆಸರಿಗೆ, ಈ ಒಂದು ಆಸ್ತಿಗೆ ಮಾತ್ರ ಸೀಮಿತವಾಗಿ ಬರೆಯಿಸಿ.

ಒಪಿನಿಯನ್ ಕೈಗೆ ಬಂದಾಗ

ಕೊನೆಯ ಪುಟ ಮೊದಲು ಓದಿ. ‘ಮೇಲ್ಕಂಡ ದಾಖಲೆಗಳು ಸಲ್ಲಿಕೆಯಾದರೆ’ ಎಂದು ಶುರುವಾಗುವ ವಾಕ್ಯ ಇದ್ದೇ ಇರುತ್ತದೆ. ಆ ಪಟ್ಟಿಯಲ್ಲಿರುವುದೆಲ್ಲ ಬರುವವರೆಗೆ ಒಪಿನಿಯನ್ ಮುಗಿದಿಲ್ಲ. ನಮ್ಮಕ್ಕನಿಗೆ ಬಂದ ಒಪಿನಿಯನ್ನಿನ ಆ ಪಟ್ಟಿಯಲ್ಲಿ ಇದ್ದದ್ದು ಒಂದೇ ಸಾಲು, ಆ ಇಬ್ಬರು ಹೆಣ್ಣುಮಕ್ಕಳ ಹಕ್ಕು ಬಿಡುಗಡೆ ಪತ್ರ.

ಕರಡು ಕ್ರಯಪತ್ರ ಬಂದಾಗ ಷೆಡ್ಯೂಲನ್ನು (ಆಸ್ತಿಯ ವಿವರ) ಜಾಗದಲ್ಲೇ ನಿಂತು ಓದಿ. ಪೂರ್ವಕ್ಕೆ ರಸ್ತೆ ಎಂದಿದ್ದರೆ ಪೂರ್ವಕ್ಕೆ ರಸ್ತೆ ಇರಬೇಕು. ಅಳತೆ, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ), ಇ-ಖಾತಾದ ನಂಬರು ಮೂರೂ ತಾಳೆಯಾಗದಿದ್ದರೆ ರಿಜಿಸ್ಟ್ರೇಷನ್ ದಿನ ಮುಂದೂಡಿ.

ಹದಗೆಟ್ಟರೆ

ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಮೇ 14ರಂದು ತೀರ್ಪು ಕೊಟ್ಟಿದೆ. ಹಾಗಾಗಿ ಗ್ರಾಹಕರ ಆಯೋಗದ ದಾರಿ ಮುಚ್ಚಿದೆ. ವೃತ್ತಿ ದುರ್ನಡತೆಯ ದೂರನ್ನು 1961ರ ವಕೀಲರ ಕಾಯ್ದೆಯ 35ನೇ ಸೆಕ್ಷನ್ ಅಡಿ ರಾಜ್ಯ ವಕೀಲರ ಪರಿಷತ್ತಿಗೆ ಕೊಡಬೇಕು. ಫೀಸು ಬಾಕಿಯಿದೆ ಎಂದು ನಿಮ್ಮ ಕಾಗದಗಳನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಅದೇ ನ್ಯಾಯಾಲಯ 2000ದಲ್ಲೇ ಹೇಳಿದೆ.

ಎಲ್ಲ ಸುಸೂತ್ರವಾಗಿ ಆಯಿತು ಎನ್ನಿ. ರಿಜಿಸ್ಟ್ರೇಷನ್ ಮುಗಿದು ಕೆಲ ದಿನಗಳ ಮೇಲೆ ಹೊಸದೊಂದು ಇ.ಸಿ. ತೆಗೆಸಿ. ಕೊಳ್ಳುವವರ ಕಾಲಮ್ಮಿನಲ್ಲಿ ನಿಮ್ಮ ಹೆಸರು ಅಕ್ಷರ ತಪ್ಪಿಲ್ಲದೆ ಬಂದಿದೆಯೇ ನೋಡಿ. ಖಾತಾ ನಿಮ್ಮ ಹೆಸರಿಗೆ ಆದ ದಿನ ವಕೀಲರ ಬಾಕಿ ಫೀಸು ಕೊಟ್ಟು ರಸೀದಿ ಪಡೆದು, ಅವರು ಬರೆದ ಆ ಹೆಸರು ಬಾಣಗಳ ಹಾಳೆ ಇದ್ದರೆ ಅದನ್ನೂ ಕೇಳಿ ತಂದು ಕ್ರಯಪತ್ರದ ಜೊತೆಗೆ ಇಟ್ಟುಕೊಳ್ಳಿ.