ಒಂದೇ ಅಂಗಳ, ಎರಡು ಬೋರ್ಡು: ಬಾಡಿಗೆ ಗಾಡಿ ಧಂದೆಯಲ್ಲಿ ನನ್ನ ಅನುಭವ

ಬೆಳಗಾವಿಯ ಟಿಳಕವಾಡಿಯಲ್ಲಿ ನಿಲ್ಲುವ ನನ್ನ 11 ಗಾಡಿಗಳು ಎರಡು ಹೆಸರಿನಲ್ಲಿ ಬಾಡಿಗೆಗೆ ಹೋಗುತ್ತವೆ, ಒಂದರಲ್ಲಿ ಆರು, ಇನ್ನೊಂದರಲ್ಲಿ ಐದು. ಎರಡು ಬೋರ್ಡು ಯಾಕೆ ಬೇಕು ಅಂದರೆ, ದರಕ್ಕಾಗಿ. ಉದ್ಯಮಬಾಗದ ಕಾರ್ಖಾನೆಗೆ ಬರುವ ಅತಿಥಿಗೆ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಗಾಡಿ ಮೊದಲೇ ಬಂದು ನಿಂತಿರಬೇಕು. ಅದಕ್ಕೆ ಕಂಪನಿ ದುಡ್ಡು ಕೊಡುತ್ತದೆ. ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೊರಟವರು ಕಿಲೋಮೀಟರಿಗೆ ಒಂದು ರೂಪಾಯಿ ಎಲ್ಲಿ ಉಳಿಯುತ್ತದೆ ಅಂತ ನಾಲ್ಕು ಕಡೆ ಫೋನ್ ಮಾಡುತ್ತಾರೆ. ಒಂದೇ ಹೆಸರಿನಲ್ಲಿ ಇಬ್ಬರಿಗೂ ಬೇರೆ ಬೇರೆ ದರ ಹೇಳಿದರೆ, ಕಂಪನಿಯವರು ಕಡಿಮೆ ದರದ ಬಿಲ್ಲು ಮುಂದಿಟ್ಟು ನಮಗೂ ಇದೇ ಹಾಕಿ ಅನ್ನುತ್ತಾರೆ. ಅಲ್ಲಿಗೆ ಮೇಲಿನ ದರ ಮುಗಿಯಿತು.

ಬಾಡಿಗೆ ಕಾರಿನ ದೊಡ್ಡ ಕಂಪನಿಗಳ ಲೆಕ್ಕವೂ ಇದೇ. ಆದರೆ ಅವು ಹೊಸ ಹೆಸರು ಹುಟ್ಟಿಸಿದ್ದಕ್ಕಿಂತ ಇದ್ದ ಹೆಸರು ಕೊಂಡದ್ದೇ ಹೆಚ್ಚು. ಅಮೆರಿಕದ ಎಂಟರ್‌ಪ್ರೈಸ್ 2007ರಲ್ಲಿ ನ್ಯಾಷನಲ್ ಮತ್ತು ಅಲಾಮೊವನ್ನು ಕೊಂಡಿತು. ಹರ್ಟ್ಜ್ 2012ರಲ್ಲಿ ಡಾಲರ್, ಥ್ರಿಫ್ಟಿಗಳನ್ನು ತೆಗೆದುಕೊಂಡಿತು. ಏವಿಸ್, ಬಜೆಟ್ ಎರಡೂ ಒಂದೇ ಮನೆಯವು. ನ್ಯಾಷನಲ್ ಕೆಲಸದ ಮೇಲೆ ತಿರುಗುವವರಿಗೆ, ಅಲಾಮೊ ರಜೆಗೆ ಹೊರಟ ಕುಟುಂಬಕ್ಕೆ. ಕೊಂಡ ಹೆಸರನ್ನು ಅಳಿಸಿದರೆ ಅದರ ಖಾಯಂ ಗಿರಾಕಿ, ವಿಮಾನ ನಿಲ್ದಾಣದ ಕೌಂಟರು, ಫ್ರಾಂಚೈಸಿ ಕರಾರು ಎಲ್ಲ ಕೈಬಿಡುವ ಭಯ. ಉಳಿಸಿಕೊಂಡರೆ ದರ ಹೋಲಿಸುವ ವೆಬ್‌ಸೈಟಿನಲ್ಲಿ ಒಬ್ಬನೇ ಮಾಲೀಕನಿಗೆ ಎರಡು ಮೂರು ಸಾಲು ಸಿಗುತ್ತವೆ.

ನಮ್ಮ ಅಳತೆಯಲ್ಲಿ ಒಂದು ಬಿಲ್ಲು ನೋಡಿ. ಡಿಜೈರ್, ಕೊಲ್ಲಾಪುರಕ್ಕೆ ಹೋಗಿ ಬರುವುದು, ಅಂಗಳದಿಂದ ಅಂಗಳಕ್ಕೆ ಸುಮಾರು 220 ಕಿ.ಮೀ. ಕಂಪನಿಯವರಿಗಿರುವ ಮೊದಲ ಹೆಸರಿನಲ್ಲಿ, ಓಡಿದ್ದು ಕಡಿಮೆಯಾದರೂ, ದಿನಕ್ಕೆ ಕನಿಷ್ಠ 300 ಕಿ.ಮೀ., 14 ರೂಪಾಯಿಯಂತೆ 4,200, ಡ್ರೈವರ್ ಬಾಟಾ (ಭತ್ಯೆ) 500, ಒಟ್ಟು 4,700. ಎರಡನೆಯದರಲ್ಲಿ ಕನಿಷ್ಠ 250 ಕಿ.ಮೀ., 12ರಂತೆ 3,000, ಬಾಟಾ 400, ಒಟ್ಟು 3,400. ಟೋಲು, ಪಾರ್ಕಿಂಗು ಎರಡಕ್ಕೂ ಬೇರೆ. ಈ 1,300 ರೂಪಾಯಿಗೆ ಗಿರಾಕಿಗೆ ನಿಜವಾಗಿ ಏನಾದರೂ ಸಿಗಲೇಬೇಕು. ಮೊದಲ ಹೆಸರಿನ ಗಾಡಿ ಮೂರು ವರ್ಷದೊಳಗಿನದು. ಸಂಕೇಶ್ವರದ ಹತ್ತಿರ ಕೆಟ್ಟು ನಿಂತರೆ ಅಂಗಳದಿಂದ ಮೀಸಲು ಗಾಡಿ ಹೊರಡುತ್ತದೆ. ಬಿಲ್ಲಿಗೆ 30 ದಿನ ಉದ್ದರಿ. ಎರಡನೆಯದರಲ್ಲಿ ಅರ್ಧ ಮುಂಗಡ, ಉಳಿದದ್ದು ಇಳಿಯುವಾಗ. ಗಾಡಿ ಕೆಟ್ಟರೆ ಓಡಿದಷ್ಟಕ್ಕೆ ಮಾತ್ರ ಬಾಡಿಗೆ, ಉಳಿದ ಮುಂಗಡ ವಾಪಸು. ಇದನ್ನು ಬುಕಿಂಗ್ ಹೊತ್ತಿಗೇ ಹೇಳುತ್ತೇವೆ, ವಾಟ್ಸಾಪಿನಲ್ಲಿ ಬರೆದೂ ಕಳಿಸುತ್ತೇವೆ. ಬೋರ್ಡು ಬೇರೆ, ಸೇವೆ ಒಂದೇ ಆದರೆ ಅದು ಗಿರಾಕಿಗೆ ಮಾಡುವ ಮೋಸ.

ಹೆಚ್ಚು ತಪ್ಪುವುದು ಬುಕಿಂಗಿನಲ್ಲಿ. ಫೋನು ಎರಡು, ಇರುವ ಎರ್ಟಿಗಾ ಒಂದೇ. ಲಗ್ನಸರಾಯಿಯಲ್ಲಿ ಫೋನು ಎತ್ತುವ ಇಬ್ಬರೂ ಅದನ್ನೇ ಒಪ್ಪಿಕೊಂಡುಬಿಡುತ್ತಾರೆ. ಅದಕ್ಕೆ ಫೋನು ಎರಡಿದ್ದರೂ ಬುಕಿಂಗ್ ವಹಿ ಒಂದೇ ಇಟ್ಟಿದ್ದೇನೆ. ಗೋಡೆಯ ಹಲಗೆಗೆ 11 ಮೊಳೆ, ಒಂದೊಂದಕ್ಕೂ ಒಂದು ಗಾಡಿಯ ಕೀಲಿ. ಮೊದಲ ಹೆಸರಿನ ಬುಕಿಂಗ್ ಆದರೆ ಕೀಲಿಗೆ ನೀಲಿ ಚೀಟಿ, ಎರಡನೆಯದಾದರೆ ಕೆಂಪು. ಚೀಟಿ ಕಟ್ಟದೆ ಫೋನಿನಲ್ಲಿ ಯಾರೂ ಹೂಂ ಅನ್ನುವಂತಿಲ್ಲ. ಸಂಜೆ ಆರಾದ ಮೇಲೂ ನಾಳೆಗೆ ಬುಕ್ಕಾಗದ ಹೊಸ ಗಾಡಿಗಳಲ್ಲಿ ಒಂದನ್ನು ಮೀಸಲಿಟ್ಟು ಉಳಿದವನ್ನು ಎರಡನೇ ಹೆಸರಿಗೆ ಬಿಡುತ್ತೇನೆ. ಹಳೆ ಗಾಡಿಯನ್ನು ಮಾತ್ರ ಮೊದಲ ಹೆಸರಿನಲ್ಲಿ ಎಂದೂ ಕಳಿಸುವುದಿಲ್ಲ. 14 ರೂಪಾಯಿ ಕೊಟ್ಟವರು ಹಿಂದಿನ ಸೀಟಿನಲ್ಲಿ ಕೂತು ಬಣ್ಣಗೆಟ್ಟ ಸೀಟ್ ಕವರು, ಎ.ಸಿ.ಯಿಂದ ಬರುವ ಮುಗ್ಗಲು ವಾಸನೆ ಕಂಡರೆ ಮತ್ತೆ ಕರೆಯುವುದಿಲ್ಲ. ಆ ವಾಸನೆಗೆ ಹೆಚ್ಚಾಗಿ ಕಾರಣ ಕ್ಯಾಬಿನ್ ಫಿಲ್ಟರು. 10,000 ಕಿ.ಮೀ.ಗೊಮ್ಮೆ ಬದಲಿಸುತ್ತೇನೆ, ಎರಡೂ ಹೆಸರಿನ ಗಾಡಿಗಳಲ್ಲಿ. ಬ್ರೇಕು, ಟಯರು, ವಿಮೆಯಲ್ಲೂ ಮೇಲು ಕೀಳು ಮಾಡಬಾರದು.

ಕಾಗದದ ಕೆಲಸ ಹಗುರ. ಅದೇ ಜಿಎಸ್‌ಟಿ ನಂಬರಿನಡಿ ಎರಡನೇ ವ್ಯಾಪಾರದ ಹೆಸರು ಸೇರಿಸಬಹುದು. ಟ್ರೇಡ್‌ಮಾರ್ಕ್ ಬೇಕೆಂದರೆ ಸಾರಿಗೆಗೆ 39ನೇ ವರ್ಗ. ಬಿಲ್ಲಿನಲ್ಲಿ ಮಾಲೀಕತ್ವದ ಸಂಸ್ಥೆಯ ಹೆಸರನ್ನು ಓದಲು ಬರುವಂತೆ ಹಾಕಿಸಿ. ಗಿರಾಕಿ ಕೇಳಿದರೆ ಎರಡೂ ನಮ್ಮವೇ ಅಂತ ನೇರ ಹೇಳಿ. ಒಂದೇ ಟೆಂಡರಿಗೆ ಎರಡೂ ಹೆಸರಿನಿಂದ ದರ ಹಾಕುವುದು ಬೇಡವೇ ಬೇಡ. ಅದು ಪೈಪೋಟಿ ಇದೆಯೆಂದು ತೋರಿಸುವ ಸುಳ್ಳು, ಸಿಕ್ಕರೆ ಎರಡೂ ಹೆಸರು ಕಪ್ಪುಪಟ್ಟಿಗೆ ಹೋಗುತ್ತವೆ.

ಗಾಡಿಗೆ ಮೂರು ವರ್ಷ ತುಂಬಿದಾಗ, ಅಥವಾ ಅದಕ್ಕೆ ಮೊದಲೇ 1,20,000 ಕಿ.ಮೀ. ಮುಟ್ಟಿದರೆ, ಎರಡನೇ ಹೆಸರಿಗೆ ಇಳಿಸುತ್ತೇನೆ. ಎಂಟು ವರ್ಷ ದಾಟಿದರೆ ಗಾಡಿಯ ಫಿಟ್‌ನೆಸ್ ತಪಾಸಣೆ ವರ್ಷ ವರ್ಷವೂ ಮಾಡಿಸಬೇಕು, ಹಾಗಾಗಿ ಏಳಕ್ಕೇ ಮಾರುತ್ತೇನೆ. ಆರಕ್ಕಿಂತ ಕಡಿಮೆ ಗಾಡಿ ಇದ್ದವರು ಎರಡನೇ ಹೆಸರಿಗೆ ಕೈ ಹಾಕಬೇಡಿ. ಒಂದು ಸರ್ವೀಸಿಗೆ, ಒಂದು ಮೀಸಲಿಗೆ ಹೋದರೆ ಉಳಿದ ಮೂರನ್ನು ಎರಡು ಬೋರ್ಡಿಗೆ ಹಂಚಲು ಆಗುವುದಿಲ್ಲ, ಯಲ್ಲಮ್ಮನ ಜಾತ್ರೆಯ ಭರತ ಹುಣ್ಣಿಮೆಯ ದಿನ ಎರಡೂ ಫೋನಿನಲ್ಲಿ ಗಾಡಿ ಇಲ್ಲ ಅನ್ನಬೇಕಾಗುತ್ತದೆ.